ನೋವನ್ನು ಮುಚ್ಚಿಡುವುದು ತಾಳ್ಮೆಯೇ?



ತಾಳ್ಮೆಯು ಭಕ್ತನಿಗೆ ಭೂಷಣವೆಂಬುದನ್ನು ಒಪ್ಪದವರಿಲ್ಲ. ಸುಖ ಬಂದಾಗ ಹಿಗ್ಗದೆ, ದುಃಖ ಬಂದಾಗ ಕುಗ್ಗದೆ, ಎರಡನ್ನೂ ಲಿಂಗದೇವನ ಪ್ರಸಾದವೆಂದು ಕೈಕೊಳ್ಳಬೇಕೆಂಬುದು ನಮ್ಮ ಮನೆಮನೆಗಳಲ್ಲಿ ಹಿರಿಯರು ಕಿರಿಯರಿಗೆ ಹೇಳಿಕೊಂಡು ಬಂದ ಮಾತು. ಆದರೆ ಈ ಮಾತಿನ ನೆರಳಿನಲ್ಲಿ ಮತ್ತೊಂದು ವಾಡಿಕೆಯು ಸದ್ದಿಲ್ಲದೆ ಬೆಳೆದುಬಂದಿದೆ. ತಾಯಿಯಾದವಳು ಹೊಟ್ಟೆಯ ನೋವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಲೆಯ ಮುಂದೆ ನಿಲ್ಲುವಳು. ತಂದೆಯಾದವನು ಎದೆಯನ್ನು ಒತ್ತಿಹಿಡಿದುಕೊಂಡೇ ಅಂಗಡಿಯ ಬಾಗಿಲು ತೆರೆಯುವನು. ಕೇಳಿದರೆ ಇಬ್ಬರೂ "ಏನೂ ಇಲ್ಲ" ಎನ್ನುವರು. ನಾವು ಅದನ್ನು ತಾಳ್ಮೆಯೆಂದು ಹೊಗಳುತ್ತೇವೆ. ಅದು ನಿಜವಾಗಿ ತಾಳ್ಮೆಯೇ, ಅಥವಾ ತಾಳ್ಮೆಯ ವೇಷ ತೊಟ್ಟ ಬೇರೊಂದೇ? ಈ ಪ್ರಶ್ನೆಯನ್ನು ನಾನು ಗ್ರಂಥದಿಂದ ಎತ್ತಿಕೊಂಡವನಲ್ಲ. ಕಳೆದ ಮಾಘಮಾಸದಲ್ಲಿ ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದಾಗ ಅದು ತಾನಾಗಿಯೇ ಬಂದು ನನ್ನೆದುರು ನಿಂತಿತು.

ನಾನು ಹುಟ್ಟಿ ಬೆಳೆದುದು ಕೋಲಾರದ ಚಿನ್ನದ ಗಣಿಯ ಆಂಡರ್ಸನ್‌ಪೇಟೆಯಲ್ಲಿ. ನೆಲದೊಳಗಿಂದ ಕಲ್ಲು ತೆಗೆಯುವುದೇ ಬಾಳಾಗಿದ್ದ ಊರು ಅದು. ಅಂತಹ ಊರಿನವನ ಒಡಲೊಳಗೇ ಕಲ್ಲು ಬೆಳೆಯಿತೆಂದರೆ ಕೇಳಿದವರು ನಗದಿರಲಾರರು. ಒಂದು ಮದುವೆಯ ಊಟವಾದ ರಾತ್ರಿ ಬಲಪಕ್ಕೆಯ ಕೆಳಗೆ ಎದ್ದ ನೋವು ಬೆನ್ನಿಗೂ ಬಲ ಹೆಗಲಿಗೂ ಹಬ್ಬಿ, ಬೆಳಗಾಗುವ ಹೊತ್ತಿಗೆ ತಾನೇ ಇಳಿಯಿತು. ಜಿಡ್ಡಿನ ಊಟ ಮಾಡಿದಾಗಲೆಲ್ಲ ಹೀಗೆಯೇ ಬಂದು ಹೋಗುತ್ತಿತ್ತು. ಒಂದು ವರ್ಷ ಯಾರಿಗೂ ಹೇಳದೆ ಕಳೆದೆನು. ಕೊನೆಗೆ ವಾಂತಿಯೂ ಜ್ವರವೂ ಕೂಡಿಕೊಂಡಾಗ ಮಗನು ಬಲವಂತದಿಂದ ಕರೆದೊಯ್ದನು. ಸ್ಕ್ಯಾನಿಂಗಿನಲ್ಲಿ ಪಿತ್ತಕೋಶದ ತುಂಬ ಕಲ್ಲುಗಳು ಕಂಡವು. ಅದನ್ನು ತೆಗೆಯುವುದೇ ಉಪಾಯವೆಂದು ವೈದ್ಯರು ಹೇಳಿದರು.

ದೇವರು ಕೊಟ್ಟ ಅಂಗವೊಂದನ್ನು ಕಳೆದುಕೊಂಡು ಬದುಕುವುದೆಂತು ಎಂದು ಮನಸ್ಸು ಅಳುಕಿತು. ವೈದ್ಯರು ಸಮಾಧಾನದಿಂದ ವಿವರಿಸಿದರು: ಪಿತ್ತವನ್ನು ಹುಟ್ಟಿಸುವುದು ಯಕೃತ್ತು, ದಿನವೊಂದಕ್ಕೆ ಅದು ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಪಿತ್ತರಸವನ್ನು ತಯಾರಿಸುತ್ತದೆ. ಪಿತ್ತಕೋಶವು ಅದರಲ್ಲಿ 30ರಿಂದ 50 ಮಿಲಿಲೀಟರಿನಷ್ಟನ್ನು ಹಿಡಿದಿಟ್ಟು, ಊಟದ ಹೊತ್ತಿಗೆ ಬಿಟ್ಟುಕೊಡುವ ಚಿಕ್ಕ ಚೀಲ ಮಾತ್ರ. ಚೀಲವಿಲ್ಲದಿದ್ದರೆ ಪಿತ್ತವು ನೇರವಾಗಿ ಸಣ್ಣ ಕರುಳಿಗೆ ಹರಿಯುತ್ತದೆ. ಬರ್ಲಿನ್ನಿನಲ್ಲಿ ಕಾರ್ಲ್ ಲಾಂಗೆನ್‌ಬುಖ್ ಎಂಬ ಶಸ್ತ್ರವೈದ್ಯರು 1882ರಲ್ಲಿ ಮೊದಲು ಈ ಚೀಲವನ್ನು ತೆಗೆದರು. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಎಂಬವರು ಹೊಟ್ಟೆಯನ್ನು ಅಗಲವಾಗಿ ಸೀಳದೆ, ಸಣ್ಣ ರಂಧ್ರಗಳ ಮೂಲಕವೇ ತೆಗೆಯುವ ದಾರಿಯನ್ನು ತೋರಿದರು. ನಮ್ಮ ದೇಶದಲ್ಲಿ 1990ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡಾಕ್ಟರ್ ತೆಹೆಂಟನ್ ಉದ್ವಾಡಿಯಾ ಅವರು ಅದೇ ಲ್ಯಾಪರೊಸ್ಕೋಪಿ ಕ್ರಮವನ್ನು ಆರಂಭಿಸಿದರು. ನನಗೂ ಅದೇ ಕ್ರಮವೆಂದು ನಿಶ್ಚಯವಾಯಿತು.

ಶಸ್ತ್ರಕ್ರಿಯೆಯಲ್ಲಿ ವಿದ್ಯುತ್ತಿನ ಉಪಕರಣವನ್ನು ಬಳಸುವುದರಿಂದ ಮೈಮೇಲೆ ಲೋಹವಿರಕೂಡದೆಂದು ಹೇಳಿದರು. ಬೆಳ್ಳಿಯ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು, ಶುಭ್ರವಾದ ವಸ್ತ್ರದಲ್ಲಿ ಸುತ್ತಿ, ನಮ್ಮ ಮನೆಯವರ ಅಂಗೈಯಲ್ಲಿಟ್ಟೆನು. ನಾನು ಹೊರಬರುವವರೆಗೂ ಅವರು ಕೈಯನ್ನು ಎದೆಯಿಂದ ಕೆಳಗಿಳಿಸಲಿಲ್ಲವಂತೆ.

ಅರಿವಳಿಕೆಯ ಮಂಪರು ಇಳಿದ ಮೇಲೆ ನೋವು ತನ್ನ ಮುಖವನ್ನು ತೋರಿತು. ಹೊಟ್ಟೆಯ ಮೇಲಣ ನಾಲ್ಕು ಸಣ್ಣ ಗಾಯಗಳು ಉರಿಯುತ್ತಿದ್ದುದು ಸಹಜವೇ. ಆದರೆ ಕತ್ತಿಯೇ ತಾಗದ ಬಲ ಹೆಗಲು ಅದಕ್ಕಿಂತಲೂ ಹೆಚ್ಚಾಗಿ ಸಿಡಿಯುತ್ತಿತ್ತು. ಒಳಗನ್ನು ಕಾಣಲು ಹೊಟ್ಟೆಗೆ ತುಂಬಿದ ಇಂಗಾಲದ ಡೈಆಕ್ಸೈಡ್ ಅನಿಲವು ವಪೆಯನ್ನು ಕೆಣಕುತ್ತದೆಯೆಂದೂ, ವಪೆಗೂ ಹೆಗಲಿಗೂ ನರದ ಬೇರು ಒಂದೇ ಆದುದರಿಂದ ಅಲ್ಲಿಯ ನೋವು ಇಲ್ಲಿ ಕಾಣುತ್ತದೆಯೆಂದೂ, ಎರಡು ಮೂರು ದಿನಗಳಲ್ಲಿ ಇಳಿಯುವುದೆಂದೂ ಆಮೇಲೆ ತಿಳಿಯಿತು. ಮೊದಲೇ ತಿಳಿಯಬಹುದಾಗಿತ್ತು. ಆದರೆ ನಾನು ಕೇಳಲಿಲ್ಲ. ಕೇಳುವುದಕ್ಕೆ ಮೊದಲು ಹೇಳಬೇಕಾಗಿತ್ತಲ್ಲವೇ?

ದಾದಿಯು ಬಂದು, "ಸೊನ್ನೆಯಿಂದ ಹತ್ತರವರೆಗೆ ನೋವಿಗೆ ಎಷ್ಟು ಅಂಕ ಕೊಡುವಿರಿ?" ಎಂದು ಕೇಳಿದಳು. ಎಂಟು ಎನ್ನಬೇಕಾದಲ್ಲಿ "ಎರಡು" ಎಂದೆನು. ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆಗಳಿಗೆ ಧರ್ಮವರಿತು ಅಂಕ ಹಾಕಿದವನು ನನ್ನದೇ ದೇಹದ ವಿಷಯದಲ್ಲಿ ಸುಳ್ಳು ಅಂಕ ಹಾಕಿದೆನು. ಮಾತ್ರೆಯನ್ನು ದಿಂಬಿನ ಕೆಳಗಿಟ್ಟೆನು. ಮಠದ ಶಾಲೆಯ ಮೇಷ್ಟ್ರು ನೋವಿಗೆ ಅಂಜಿದನೆಂಬ ಮಾತು ಬರಬಾರದು, ಇಷ್ಟೂ ತಾಳದಿದ್ದರೆ ಇಷ್ಟು ವರ್ಷದ ಪೂಜೆಗೆ ಅರ್ಥವೇನು ಎಂದು ಮನಸ್ಸು ಬೀಗಿತು. ನೋಯುವುದೆಂದು ಆಳವಾಗಿ ಉಸಿರೆಳೆಯಲಿಲ್ಲ. ಕೆಮ್ಮು ಬಂದರೆ ಅದುಮಿದೆನು. ಎದ್ದು ನಡೆಯಿರೆಂದರೆ ನಾಳೆ ಎಂದೆನು. ಮನೆಗೆ ಹೋಗಬೇಕಾಗಿದ್ದ ದಿನ ಜ್ವರ ಬಂದಿತು. ಉಸಿರು ಆಡದ ಶ್ವಾಸಕೋಶದ ತಳದಲ್ಲಿ ಕಫ ಕಟ್ಟಿತ್ತು. ಮತ್ತೆ ನಾಲ್ಕು ದಿನ ಅಲ್ಲಿಯೇ ಉಳಿಯಬೇಕಾಯಿತು. ಆ ನಾಲ್ಕು ರಾತ್ರಿ ನಮ್ಮ ಮನೆಯವರು ನೆಲದ ಮೇಲೆ ಚಾಪೆ ಹಾಸಿ ಎಚ್ಚರವಿದ್ದರು. ನನ್ನ ತಾಳ್ಮೆಯ ಬೆಲೆಯನ್ನು ತೆತ್ತವರು ಅವರು.

ಪಕ್ಕದ ಮಂಚದಲ್ಲಿ ನಮ್ಮ ಊರಿನ ಕಡೆಯವರೇ ಒಬ್ಬ ವೃದ್ಧರಿದ್ದರು. ಮೂರು ಕಿಲೋಮೀಟರಿಗೂ ಮಿಗಿಲಾದ ಆಳದ ಚಾಂಪಿಯನ್ ರೀಫ್ ಗಣಿಯಲ್ಲಿ, 2001ರಲ್ಲಿ ಗಣಿಗಳು ಮುಚ್ಚುವ ತನಕ ದುಡಿದವರು. ನಾನು ಮಾತ್ರೆಯನ್ನು ಬಚ್ಚಿಟ್ಟುದನ್ನು ಅವರು ನೋಡಿದ್ದರು. ಜ್ವರ ಬಂದ ಸಂಜೆ ಮೆಲ್ಲನೆ ಹೇಳಿದರು: "ಮೇಷ್ಟ್ರೇ, ಗಣಿಯೊಳಗೆ ಇಳಿದಾಗ ನಾವು ಹಾರೆಯಿಂದ ಮೇಲಿನ ಬಂಡೆಯನ್ನು ತಟ್ಟಿ ನೋಡುತ್ತಿದ್ದೆವು. ಟೊಳ್ಳು ಸದ್ದು ಬಂದರೆ ಕೂಗಿ ಹೇಳುತ್ತಿದ್ದೆವು. ಕೇಳಿಯೂ ಹೇಳದೆ ಇರುವವನನ್ನು ಯಾರೂ ಧೈರ್ಯಶಾಲಿ ಅನ್ನುತ್ತಿರಲಿಲ್ಲ. ಅವನಿಂದ ಹತ್ತು ಜನರ ಪ್ರಾಣ ಹೋಗುತ್ತಿತ್ತು." ಇಷ್ಟು ಹೇಳಿ ಅವರು ಮಗ್ಗುಲಾದರು. ಗಣಿಯ ಧೂಳು ಕುಡಿದು ಸಿಲಿಕೋಸಿಸ್ ಹಿಡಿದರೂ, ಕೆಲಸ ಹೋದೀತೆಂಬ ಭಯದಿಂದ ಕೆಮ್ಮನ್ನು ಅಡಗಿಸಿಕೊಂಡ ಎಷ್ಟೋ ಜನರನ್ನು ನಾನು ಬಾಲ್ಯದಲ್ಲಿ ಕಂಡಿದ್ದೆನು. ಅವರನ್ನು ಬಾಯಿ ಕಟ್ಟಿಸಿದುದು ಹೊಟ್ಟೆಪಾಡು. ನನ್ನ ಬಾಯಿ ಕಟ್ಟಿದುದು ಏನು? ಬರಿಯ ಅಭಿಮಾನ.

ಆ ರಾತ್ರಿ ಚರಕಸಂಹಿತೆಯ ಸೂತ್ರಸ್ಥಾನವು ನೆನಪಿಗೆ ಬಂದಿತು. ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಅಲ್ಲಿ ಹೇಳಿದೆ: ವೈದ್ಯ, ಔಷಧ, ಉಪಚಾರಕ, ರೋಗಿ. ಒಂದೊಂದಕ್ಕೂ ನಾಲ್ಕು ಗುಣಗಳು. ರೋಗಿಗೆ ಹೇಳಿದ ಗುಣಗಳು ಸ್ಮೃತಿ, ನಿರ್ದೇಶಕಾರಿತ್ವ, ಅಭೀರುತ್ವ, ಜ್ಞಾಪಕತ್ವ ಎಂಬಿವು. ಎಂದರೆ, ಆದುದನ್ನು ನೆನಪಿಟ್ಟಿರುವುದು, ಹೇಳಿದಂತೆ ನಡೆಯುವುದು, ಅಂಜದಿರುವುದು, ತನ್ನ ರೋಗವನ್ನು ಸರಿಯಾಗಿ ತಿಳಿಸುವುದು. ಅಂಜದಿರುವುದನ್ನೂ ತಿಳಿಸುವುದನ್ನೂ ಆಚಾರ್ಯರು ಒಂದೇ ಸಾಲಿನಲ್ಲಿ ಕೂಡಿಸಿ ಇಟ್ಟಿದ್ದಾರೆ. ನೋವನ್ನು ಹೇಳಿಕೊಳ್ಳುವುದು ಅಂಜಿಕೆಯ ಗುರುತೆಂದು ಅವರು ಭಾವಿಸಲಿಲ್ಲ. ಇದನ್ನು ಮಕ್ಕಳಿಗೆ ಎಷ್ಟೋ ಸಲ ಬಾಯಿಪಾಠ ಮಾಡಿಸಿದ್ದೆನು. ನನಗೆ ಮಾತ್ರ ಪಾಠವಾಗಿರಲಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ. ಶರಣರು ನೋವನ್ನು ಸಹಿಸಲಿಲ್ಲವೇ? ಕಲ್ಯಾಣದಲ್ಲಿ ಹರಳಯ್ಯ ಮಧುವರಸರು ಎಳೆಹೂಟೆಯ ಶಿಕ್ಷೆಯನ್ನು ಅನುಭವಿಸಲಿಲ್ಲವೇ? ಅನುಭವಿಸಿದರು, ದಿಟ. ಆದರೆ ಅವರಿಗೆ ಬಂದ ನೋವು ಸತ್ಯವನ್ನು ಬಿಡದಿದ್ದುದರಿಂದ ಬಂದುದು. ನನಗೆ ಹೆಚ್ಚಾದ ನೋವು ಸತ್ಯವನ್ನು ಬಿಟ್ಟುದರಿಂದ ಬಂದುದು. ಅವರು ನೋವನ್ನು ಹುಡುಕಿಕೊಂಡು ಹೋಗಲಿಲ್ಲ. ಧರ್ಮವನ್ನು ಹಿಡಿದು ನಿಂತಾಗ ತಪ್ಪಿಸಲಾಗದಂತೆ ಬಂದುದನ್ನು ಎದುರಿಸಿದರು. ಮಾತ್ರೆಯೊಂದರಿಂದ ಇಳಿಯುವ ನೋವನ್ನು ಹಟದಿಂದ ಹೊತ್ತುಕೊಂಡು, ಅವರ ಸಾಲಿನಲ್ಲಿ ನಿಂತೆನೆಂದು ಭಾವಿಸುವುದು ಆ ಹಿರಿಯರಿಗೆ ಮಾಡುವ ಅಪಚಾರ. ಮೇಲಾಗಿ, ಶರಣರ ಗಣದಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನೂ ಇದ್ದನು. ವೈದ್ಯವೇ ಆತನ ಕಾಯಕ. ಔಷಧವು ಭಕ್ತಿಗೆ ವಿರೋಧವಾಗಿದ್ದರೆ ಆತನ ಕಾಯಕವು ಕಾಯಕವೆನಿಸುತ್ತಿತ್ತೇ? ರೋಗಿಯು ಸುಳ್ಳು ಹೇಳಿದರೆ ವೈದ್ಯನ ಕಾಯಕವೂ ಕೆಡುತ್ತದೆ. ದಾದಿಗೆ ನಾನು ಹೇಳಿದ "ಎರಡು" ಎಂಬ ಮಾತು ಅವಳ ಕಾಯಕದಲ್ಲಿ ನಾನು ಬೆರೆಸಿದ ಕಲಬೆರಕೆ.

ಉಳಿದ ಸಂಶಯವನ್ನು ನೀಗಿದವರು ನಮ್ಮ ಮನೆಯವರು. ಮರುದಿನ ಬೆಳಿಗ್ಗೆ ಮುಖ ತೊಳೆಯಿಸಿ, ವಿಭೂತಿ ಹಚ್ಚಿ, ಇಷ್ಟಲಿಂಗವನ್ನು ನನ್ನ ಅಂಗೈಯಲ್ಲಿಟ್ಟರು. ಅದರ ಮುಂದೆ ಮಾತ್ರೆಯನ್ನು ಹಿಡಿದು, "ರೀ, ಅನ್ನವನ್ನು ಅರ್ಪಿಸಿ ಉಣ್ಣುವವರು ಮಾತ್ರೆಯನ್ನು ಅರ್ಪಿಸಿ ಯಾಕೆ ನುಂಗಬಾರದು?" ಎಂದರು. ಪ್ರಸಾದಿಸ್ಥಲದ ಮೇಲೆ ಎಷ್ಟೋ ಉಪನ್ಯಾಸಗಳನ್ನು ಮಾಡಿದವನಿಗೆ ಉತ್ತರ ಹೊಳೆಯಲಿಲ್ಲ. ಲಿಂಗಕ್ಕೆ ಅರ್ಪಿಸಿ ಬಂದುದೆಲ್ಲ ಪ್ರಸಾದವಾದರೆ ಔಷಧವೂ ಪ್ರಸಾದವೇ. ಕಷಾಯವೂ, ಗಂಜಿಯೂ, ಬೆನ್ನಿಗೆ ಕೈಗೊಟ್ಟು ಎಬ್ಬಿಸುವ ಮಗನ ಸೇವೆಯೂ ಪ್ರಸಾದವೇ. ದಾಸೋಹದಲ್ಲಿ ನೀಡುವವನಿದ್ದಂತೆ ಸ್ವೀಕರಿಸುವವನೂ ಇರಬೇಕು. ಸದಾ ನಾನೇ ನೀಡುವವನಾಗಿರಬೇಕು, ಯಾರ ಕೈಯೂ ನನ್ನ ಮೇಲೆ ಬೀಳಬಾರದು ಎಂಬುದು ದಾಸೋಹಭಾವವಲ್ಲ. ಅದು ಒಡೆತನದ ಭಾವ.

ಹಾಗೆಂದು ಗೋಳಾಡುವುದನ್ನು ನಾನು ಸಮರ್ಥಿಸುತ್ತಿಲ್ಲ. ನೋವನ್ನು ಮುಚ್ಚಿಡುವವನೊಬ್ಬ, ಇದ್ದುದನ್ನು ಹತ್ತರಷ್ಟು ಮಾಡಿ ಮನೆಯವರ ನಿದ್ದೆ ಕೆಡಿಸುವವನೊಬ್ಬ. ಇಬ್ಬರೂ ಸತ್ಯದಿಂದ ದೂರ. ಇದ್ದುದನ್ನು ಇದ್ದಷ್ಟೇ ಹೇಳುವುದು ಮೂರನೆಯ ದಾರಿ. ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನೆನೆಯೋಣ. ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚಿನ ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಆಕೆ ಹೇಳಿದಳು. ಮಾತ್ರೆಗೂ ವಿಶ್ರಾಂತಿಗೂ ಇದೇ ಅಳತೆ. ಉಸಿರಾಡಿ ಎದ್ದು ನಡೆಯಲು ಎಷ್ಟು ಬೇಕೋ ಅಷ್ಟು; ವೈದ್ಯರು ಹೇಳಿದ ಅಳತೆಗಿಂತ ಒಂದು ಕಾಳೂ ಹೆಚ್ಚಲ್ಲ, ಕಡಿಮೆಯೂ ಅಲ್ಲ.

ಇದೇ ಶಸ್ತ್ರಕ್ರಿಯೆಯಾದ ಗೃಹಸ್ಥರಿಗೆ ಉಪಯೋಗವಾದೀತೆಂದು ನಾನು ಕಲಿತುದನ್ನು ಇಲ್ಲಿ ಹೇಳುತ್ತೇನೆ. ಕೆಮ್ಮುವಾಗ ಹೊಟ್ಟೆಗೆ ದಿಂಬನ್ನು ಒತ್ತಿಹಿಡಿದರೆ ನೋವು ತಗ್ಗುತ್ತದೆ. ಗಂಟೆಗೊಮ್ಮೆ ಕೆಲವು ಸಲ ಆಳವಾಗಿ ಉಸಿರೆಳೆಯಬೇಕು. ವೈದ್ಯರು ಎದ್ದು ನಡೆಯಿರೆಂದ ದಿನವೇ ನಾಲ್ಕು ಹೆಜ್ಜೆ ನಡೆಯಬೇಕು. ಹೆಗಲ ನೋವಿಗೂ ಅದು ಒಳ್ಳೆಯದು. ಊಟವನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಮಾಡಿ, ಕೆಲವು ವಾರ ಎಣ್ಣೆ ತುಪ್ಪಗಳನ್ನು ಕಡಿಮೆಮಾಡಬೇಕು. ಕೆಲವರಿಗೆ ಕೆಲಕಾಲ ಭೇದಿಯಾಗುವುದುಂಟು. ಹೆಚ್ಚಿನವರಿಗೆ ಅದು ತಾನೇ ಸರಿಹೋಗುತ್ತದೆ. ವೈದ್ಯರು ಒಪ್ಪುವವರೆಗೆ ತುಂಬಿದ ಕೊಡವನ್ನಾಗಲಿ ಅಕ್ಕಿಯ ಮೂಟೆಯನ್ನಾಗಲಿ ಎತ್ತಬಾರದು. ಲ್ಯಾಪರೊಸ್ಕೋಪಿಯಾದವರು ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ನಿತ್ಯದ ಕೆಲಸಕ್ಕೆ ಮರಳುವರು. ಹೊಟ್ಟೆಯನ್ನು ತೆರೆದು ಮಾಡಿದ್ದರೆ ಇನ್ನೂ ಹಲವು ವಾರಗಳು ಬೇಕು. ಆದರೆ ನೋವು ದಿನದಿನಕ್ಕೆ ಇಳಿಯದೆ ಏರುತ್ತಿದ್ದರೆ, ಜ್ವರ ಬಂದರೆ, ಕಣ್ಣು ಹಳದಿಯಾದರೆ, ಮೂತ್ರ ಕಂದಿದರೆ, ವಾಂತಿ ನಿಲ್ಲದಿದ್ದರೆ, ಗಾಯದಲ್ಲಿ ಕೀವು ಕಂಡರೆ, ಉಸಿರು ಕಟ್ಟಿದರೆ ಒಡನೆಯೇ ಆಸ್ಪತ್ರೆಗೆ ಹೋಗಬೇಕು. ಬಂಡೆಯ ಟೊಳ್ಳು ಸದ್ದು ಅದು; ಆಗ ಮೌನವು ಪಾಪ.

ಹಾಗಾದರೆ ತಾಳ್ಮೆಗೆ ಸ್ಥಾನವೆಲ್ಲಿ? ಹೇಳಬೇಕಾದುದನ್ನು ಹೇಳಿ, ಮಾಡಬೇಕಾದುದನ್ನು ಮಾಡಿದ ಮೇಲೂ ಸ್ವಲ್ಪ ನೋವು ಉಳಿಯುತ್ತದೆ. ಮಾತ್ರೆಯು ಅದನ್ನು ಪೂರ್ತಿ ಅಳಿಸಲಾರದು. ಮಡದಿ ಮಕ್ಕಳು ಹಂಚಿಕೊಳ್ಳಲಾರರು. ನಡುರಾತ್ರಿ ಮಗ್ಗುಲು ಬದಲಿಸುವಾಗ ಬರುವ ಆ ಚಳುಕು ನನ್ನೊಬ್ಬನದೇ. ತಾಳ್ಮೆಯ ಕ್ಷೇತ್ರ ಅದು. ಅಲ್ಲಿ ಲಿಂಗವನ್ನು ನೆನೆದು, ಉಸಿರನ್ನು ಸಡಿಲಿಸಿ, ಬೆಳಗಿಗಾಗಿ ಕಾಯಬೇಕು. ಜ್ವರ ಇಳಿದ ಮೇಲಣ ರಾತ್ರಿಗಳಲ್ಲಿ ನಾನು ಹಾಗೆ ಕಾದೆನು. ಮೊದಲ ರಾತ್ರಿಗಳ ಬೀಗುವಿಕೆ ಅಲ್ಲಿರಲಿಲ್ಲ, ಆದುದರಿಂದ ಕಾಯುವುದು ಅಷ್ಟು ಕಠಿಣವೂ ಆಗಲಿಲ್ಲ.

ಆಸ್ಪತ್ರೆಯಿಂದ ಹೊರಡುವ ದಿನ ದಾದಿಯು ಮತ್ತೆ ಬಂದು ಅದೇ ಪ್ರಶ್ನೆಯನ್ನು ಕೇಳಿದಳು. "ಮೂರು, ಅಮ್ಮ, ಎದ್ದು ನಿಂತಾಗ ನಾಲ್ಕು" ಎಂದೆನು. ಪಕ್ಕದ ಮಂಚದ ವೃದ್ಧರು ನಕ್ಕರು. ಆ ಅಂಕವನ್ನು ನಾನು ಧರ್ಮವರಿತು ಹಾಕಿದ್ದೆನು.

ಓದುವವರೇ, ಈ ಹೊತ್ತು ನಿಮ್ಮ ಮನೆಯಲ್ಲಿ "ಏನೂ ಇಲ್ಲ" ಎನ್ನುತ್ತಿರುವವರು ಯಾರಾದರೂ ಇದ್ದರೆ, ಅವರ ಬಳಿ ಕುಳಿತು ಇನ್ನೊಮ್ಮೆ ಕೇಳಿರಿ. ನೀವೇ ಆ ಮಾತನ್ನು ಹೇಳುತ್ತಿದ್ದರೆ, ಇಂದೇ ಬಿಚ್ಚಿ ಹೇಳಿರಿ.