ರಾತ್ರಿ ಕಳೆಯಲೊಂದು ಕಡಲತೀರ

ಸಿಂಗಾಪುರ 1965ರಲ್ಲಿ ಸ್ವತಂತ್ರ ದೇಶವಾದಾಗ ಅದರ ವಿಸ್ತೀರ್ಣ ಸುಮಾರು 580 ಚದರ ಕಿಲೋಮೀಟರ್ ಇತ್ತು. ಈಗ 730 ದಾಟಿದೆ. ಯಾರ ನೆಲವನ್ನೂ ಗೆದ್ದು ಸೇರಿಸಿಕೊಂಡದ್ದಲ್ಲ, ಕಡಲಿಗೆ ಮಣ್ಣು ಮರಳು ತುಂಬಿ ಪಡೆದದ್ದು. ಬೆಂಗಳೂರಿನಿಂದ ಹೊರಟ ವಿಮಾನ ಚಾಂಗಿಯಲ್ಲಿ ಇಳಿಯುವ ಜಾಗದ ಬಹುಪಾಲು ಒಂದು ಕಾಲಕ್ಕೆ ನೀರಾಗಿತ್ತು. ಭಾನುವಾರ ಸಂಸಾರ ಸಮೇತ ಜನ ಸೈಕಲ್ ತುಳಿಯುವ ಈಸ್ಟ್ ಕೋಸ್ಟ್ ಪಾರ್ಕಿನ ಮರಳ ದಂಡೆಯೂ ತಂದು ಸುರಿದದ್ದೇ. ಇದಕ್ಕೆಲ್ಲ ಬೇಕಾದ ಮರಳನ್ನು ಮೊದಲು ನೆರೆಯ ದೇಶಗಳು ಮಾರುತ್ತಿದ್ದವು. 1997ರಲ್ಲಿ ಮಲೇಷ್ಯಾ, 2007ರಲ್ಲಿ ಇಂಡೊನೇಷ್ಯಾ ಆ ವ್ಯಾಪಾರ ನಿಲ್ಲಿಸಿದವು. ಮರಳಿಗೆ ಇಷ್ಟೊಂದು ಬೆಲೆಯಿರುವ ಊರಿನಲ್ಲಿ, ಕಡಲು ತಾನೇ ತಂದು ಹರಡಿದ ಮರಳಿನ ಮೇಲೆ ಒಂದು ರಾತ್ರಿ ಮಲಗುವುದು ದೊಡ್ಡ ಭಾಗ್ಯ. ಅದಕ್ಕೆ ಪುಲಾವ್ ಉಬಿನ್ ದ್ವೀಪಕ್ಕೆ ಹೋಗಬೇಕು.

ಹೋಗುವುದು ಕಷ್ಟವೇನಲ್ಲ. ಚಾಂಗಿ ಪಾಯಿಂಟ್ ಕಟ್ಟೆಯಲ್ಲಿ ಮರದ ಬಂಬೋಟ್‌ಗಳು ನಿಂತಿರುತ್ತವೆ. ಹನ್ನೆರಡು ಜನ ಸೇರಿದರೆ ದೋಣಿ ಹೊರಡುತ್ತದೆ, ಇಲ್ಲವಾದರೆ ಸೇರುವ ತನಕ ಕಾಯಬೇಕು. ನಿಮಿಷಕ್ಕೊಂದು ಲೆಕ್ಕವಿಡುವ ಆ ನಗರದಲ್ಲಿ ವೇಳಾಪಟ್ಟಿಯೇ ಇಲ್ಲದ ಪ್ರಯಾಣ ಇದು. ನೀರಿನ ಕ್ಯಾನು, ಟೆಂಟಿನ ಚೀಲ, ಪುಟ್ಟ ಗ್ಯಾಸ್ ಒಲೆ, ಪುಳಿಯೋಗರೆ ಗೊಜ್ಜಿನ ಡಬ್ಬಿ ಹಿಡಿದು ಕೂತ ನಮ್ಮ ಕನ್ನಡಿಗರ ಗುಂಪನ್ನು ನೋಡಿದ ವಯಸ್ಸಾದ ದೋಣಿಯವರು ಮೊದಲು ಕೇಳುವುದು "ಮಳೆ ಬಂದರೆ ಏನು ಮಾಡುತ್ತೀರಿ?" ಎಂದು. ಅಲ್ಲಿ ಹಿರಿಯರನ್ನೆಲ್ಲ ಅಂಕಲ್ ಎಂದೇ ಕರೆಯುವ ವಾಡಿಕೆ. "ಟಾರ್ಪಾಲ್ ಇದೆ ಅಂಕಲ್" ಎಂದರೆ ತಲೆಯಾಡಿಸಿ ಎಂಜಿನ್ ಶುರು ಮಾಡುತ್ತಾರೆ. ಹತ್ತು ಹದಿನೈದು ನಿಮಿಷದಲ್ಲಿ ಆಚೆ ದಡ.

ಉಬಿನ್ ಕಲ್ಲಿನ ದ್ವೀಪ. ಹತ್ತು ಚದರ ಕಿಲೋಮೀಟರಿನಷ್ಟು ನೆಲ, ಅದರ ತುಂಬ ಗ್ರಾನೈಟ್. ಪೆದ್ರಾ ಬ್ರಾಂಕಾ ಬಂಡೆಯ ಮೇಲೆ 1851ರಲ್ಲಿ ಎದ್ದ ಹಾರ್ಸ್‌ಬರ್ಗ್ ದೀಪಸ್ತಂಭಕ್ಕೆ ಕಲ್ಲು ಹೋದದ್ದು ಇಲ್ಲಿಂದ. ಸಿಂಗಾಪುರವನ್ನು ಮಲಯ ಭೂಭಾಗಕ್ಕೆ ಜೋಡಿಸಿದ ಜೋಹೋರ್ ಕಾಸ್‌ವೇಗೂ ಇದೇ ಕಲ್ಲು. ಕ್ವಾರಿಗಳು ನಡೆಯುತ್ತಿದ್ದ ಕಾಲದಲ್ಲಿ ಇಲ್ಲಿ ಸಾವಿರಾರು ಜನರಿದ್ದರು, ಶಾಲೆಯಿತ್ತು, ನಾಟಕದ ರಂಗವೇದಿಕೆಯಿತ್ತು. ಕೊನೆಯ ಕ್ವಾರಿ 1999ರಲ್ಲಿ ಮುಚ್ಚಿತು. ಈಗ ಉಳಿದವರು ಕೆಲವೇ ಕೆಲವು ಜನ. ಅಗೆದ ಗುಂಡಿಗಳಲ್ಲಿ ಮಳೆನೀರು ನಿಂತು ಕೆರೆಗಳಾಗಿವೆ, ಅವುಗಳಲ್ಲೊಂದರಲ್ಲಿ ಬಕಪಕ್ಷಿಗಳು ಗೂಡು ಕಟ್ಟಿವೆ. ದಶಕಗಳ ಕಾಲ ಕಾಣದೇ ಹೋಗಿದ್ದ ಮಂಗಟ್ಟೆ ಹಕ್ಕಿಯ ಜೋಡಿಯೊಂದು 1994ರಲ್ಲಿ ಈ ದ್ವೀಪದಲ್ಲೇ ಮತ್ತೆ ಕಣ್ಣಿಗೆ ಬಿತ್ತು. ಇಂದು ಸಿಂಗಾಪುರ ನಗರದ ಮರಗಳಲ್ಲೂ ಅವು ಹಾರಾಡುತ್ತವೆ.

ವಾರದ ಕೊನೆಗೆ ಇಲ್ಲಿಗೆ ಬರುವ ಚಾಳಿಯೂ ಹಳೆಯದು. ದ್ವೀಪದ ಪೂರ್ವ ತುದಿಯಲ್ಲಿ ಇಂಗ್ಲಿಷರ ಹಳ್ಳಿಮನೆಯ ಮಾದರಿಯದೊಂದು ಕಟ್ಟಡವಿದೆ. ಸರ್ಕಾರದ ಮುಖ್ಯ ಸರ್ವೇಯರ್ ಆಗಿದ್ದ ಲ್ಯಾಂಗ್ಡನ್ ವಿಲಿಯಮ್ಸ್ 1930ರ ದಶಕದಲ್ಲಿ ರಜೆಯ ದಿನಗಳಿಗಾಗಿ ಕಟ್ಟಿಸಿಕೊಂಡದ್ದು. ಒಳಗೆ ಬೆಂಕಿಗೂಡು ಕೂಡ ಇದೆ, ಅಷ್ಟು ಸೆಕೆಯ ನೆಲದಲ್ಲಿ. ತಮ್ಮ ಊರಿನ ಚಳಿಯನ್ನು ನೆನೆದು ಕಟ್ಟಿಸಿದರೋ ಏನೋ. ನಾವು ಅಲ್ಲಿ ಪುಳಿಯೋಗರೆ ಕಲಸುತ್ತೇವಲ್ಲ, ಮನಸ್ಸು ಒಂದೇ.

ಟೆಂಟ್ ಹಾಕುವುದು ಉತ್ತರ ದಡದ ಮಾಮಾಮ್ ಬೀಚಿನಲ್ಲಿ. ಎದುರಿಗೆ ಜಲಸಂಧಿ, ಅದರಾಚೆ ಮಲೇಷ್ಯಾದ ಜೋಹೋರ್. ಅಗಲವಾದ ದಂಡೆಯೇನಲ್ಲ. ಹಿಂದೆ ಕಾಡು, ಮುಂದೆ ನೀರು, ನಡುವೆ ಕಿರಿದಾದ ಮರಳು. ಇಲ್ಲಿ ಗೂಟ ಎಲ್ಲಿ ಹೊಡೆಯಬೇಕು ಎಂಬುದು ದೊಡ್ಡ ಪ್ರಶ್ನೆ. ನಮ್ಮಲ್ಲಿ ಬಯಲುಸೀಮೆಯವರೇ ಹೆಚ್ಚು; ದಾವಣಗೆರೆ, ತುಮಕೂರು, ಹಾಸನ. ಸಮತಟ್ಟಾದ ನುಣುಪು ಮರಳು ಕಂಡರೆ ಅಲ್ಲೇ ಚೀಲ ಇಳಿಸುವವರು. ಕುಮಟೆಯ ಗೆಳೆಯ ಮಾತ್ರ ಒಣಗಿದ ಸಮುದ್ರಹುಲ್ಲು, ಎಲೆ, ಕಡ್ಡಿ ಸಾಲಾಗಿ ಬಿದ್ದಿರುವ ಗೆರೆಯನ್ನು ಹುಡುಕುತ್ತಾನೆ.

"ಇಲ್ಲಿ ಬೇಡ ಮಾರಾಯಾ. ಅಮಾಸೆ ಕಳೆದು ಎರಡು ದಿವಸ ಆಯ್ತಷ್ಟೆ. ರಾತ್ರಿ ನೀರು ಇಲ್ಲೀತನಕ ಬರ್ತದೆ. ಆ ಕಸದ ಗೆರೆ ದಾಟಿ ಮೇಲೆ ಹಾಕು."

ಅವನ ಮಾತನ್ನು ಯಾರೂ ಮೀರುವುದಿಲ್ಲ. ಅಘನಾಶಿನಿ ಅಳಿವೆಯ ಇಳಿತದಲ್ಲಿ ಬೆಳಚು ಹೆಕ್ಕುವವರನ್ನು ನೋಡುತ್ತ ಬೆಳೆದವನು ಅವನು. ಸಿಂಗಾಪುರದ ಸುತ್ತ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಅಮಾವಾಸ್ಯೆ ಹುಣ್ಣಿಮೆಗಳ ಸುಮಾರಿಗೆ ಸೂರ್ಯ ಚಂದ್ರರ ಸೆಳೆತ ಒಂದುಗೂಡಿ ಉಬ್ಬರಕ್ಕೂ ಇಳಿತಕ್ಕೂ ನಡುವೆ ಮೂರು ಮೀಟರಿನಷ್ಟು ಅಂತರ ಬರುತ್ತದೆ. ಅಷ್ಟಮಿಯ ಆಸುಪಾಸು ಅದು ತೀರ ಕಡಿಮೆ. ಪ್ರತಿದಿನ ಉಬ್ಬರ ಸುಮಾರು 50 ನಿಮಿಷ ತಡವಾಗಿ ಬರುವುದರಿಂದ ಈ ಶನಿವಾರದ ಸಂಜೆ ಆರಕ್ಕೆ ಬಯಲಾಗಿದ್ದ ದಂಡೆ ಮುಂದಿನ ಶನಿವಾರ ಅದೇ ಹೊತ್ತಿಗೆ ಮುಳುಗಿರುತ್ತದೆ. ಶನಿವಾರ, ಭಾನುವಾರ ಎನ್ನುವುದು ಕಚೇರಿಯ ಪಂಚಾಂಗ, ಕಡಲಿಗೆ ಚಂದ್ರನದೇ ಲೆಕ್ಕ. ರಜೆಯ ದಿನಕ್ಕೂ ತಿಥಿಗೂ ಹೊಂದಿಕೆ ನೋಡಿ ಹೊರಡುವುದನ್ನು ಈ ಶಿಬಿರಗಳೇ ನಮಗೆ ಕಲಿಸಿದವು. ಹಬ್ಬ ಹರಿದಿನಗಳಿಗೆ ಬಿಟ್ಟರೆ ತಿಥಿಯನ್ನೇ ಕೇಳದಿದ್ದ ಗೆಳೆಯರು ಈಗ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅಮಾವಾಸ್ಯೆ ಯಾವಾಗ ಎಂದು ವಿಚಾರಿಸುತ್ತಾರೆ. ನನಗೆ ಇದರಿಂದ ಆಗುವ ಸಂತೋಷ ಅಷ್ಟಿಷ್ಟಲ್ಲ.

ಸಿಂಗಾಪುರದ ಸೂರ್ಯ ವರ್ಷವಿಡೀ ಸಂಜೆ ಏಳರ ಆಸುಪಾಸು ಮುಳುಗಿ ಬೆಳಿಗ್ಗೆ ಏಳರ ಆಸುಪಾಸು ಹುಟ್ಟುತ್ತಾನೆ. ಸಮಭಾಜಕ ರೇಖೆಗೆ ಒಂದೂ ಕಾಲು ಡಿಗ್ರಿಯಷ್ಟೇ ದೂರವಿರುವ ಊರು, ಹಗಲು ರಾತ್ರಿ ಸಮಸಮ. ಗಡಿಯಾರ ಮಾತ್ರ ಸೂರ್ಯನಿಗಿಂತ ಒಂದು ಗಂಟೆ ಮುಂದೆ ಓಡುತ್ತದೆ. ಅದರಲ್ಲಿ ಕೊನೆಯ ಅರ್ಧ ಗಂಟೆ, ಮಲೇಷ್ಯಾದ ಸಮಯಕ್ಕೆ ಹೊಂದಿಕೊಳ್ಳಲು 1982ರ ಹೊಸ ವರ್ಷದಂದು ಮುಳ್ಳನ್ನು ಮುಂದಕ್ಕೆ ತಿರುಗಿಸಿದ್ದರಿಂದ ಬಂದದ್ದು. ನಗರದಲ್ಲಿ ಇದು ಯಾರ ಗಮನಕ್ಕೂ ಬಾರದು. ದಂಡೆಯ ಮೇಲೆ ಸಂಜೆಗೆಂಪು ಬಹಳ ಹೊತ್ತು ಉಳಿಯುವುದಿಲ್ಲ, ಥಟ್ಟನೆ ಕತ್ತಲು. ನಲ್ಲಿಯ ಸೌಕರ್ಯವಿಲ್ಲ, ತಂದ ನೀರೇ ಗತಿ. ವಿದ್ಯುತ್ ಕಂಬಗಳಿಲ್ಲ. ತಲೆಯ ಮೇಲೆ ಚಾಂಗಿಗೆ ಇಳಿಯುವ ವಿಮಾನಗಳ ದೀಪ, ಎದುರಿಗೆ ಜೋಹೋರ್ ದಡದ ದೀಪಸಾಲು. ಪ್ಲಾಸ್ಟಿಕ್ ಚೀಲದ ಸದ್ದು ಕೇಳಿದರೆ ಸಾಕು, ಕಾಡುಹಂದಿ ಮರಿಗಳೊಡನೆ ಹಾಜರು. ಊಟದ ಡಬ್ಬಿಗಳನ್ನು ಬಿಗಿಯಾಗಿ ಮುಚ್ಚಿಡಬೇಕು, ಉಳಿದದ್ದನ್ನು ಅವಕ್ಕೆ ಹಾಕಲೇಬಾರದು. ಹಾಕಿದರೆ ಮುಂದಿನವರ ಟೆಂಟನ್ನು ಹರಿಯುತ್ತವೆ.

ಏಪ್ರಿಲ್‌ನಿಂದ ನವೆಂಬರ್‌ವರೆಗೆ ಇನ್ನೊಬ್ಬ ಅತಿಥಿ ಬರಬಹುದು. ಸುಮಾತ್ರಾ ಎಂದೇ ಅಲ್ಲಿಯವರು ಕರೆಯುವ ಬಿರುಗಾಳಿ. ರಾತ್ರಿ ಸುಮಾತ್ರಾ ದ್ವೀಪದ ಮೇಲೆ ಅಥವಾ ಮಲಕ್ಕಾ ಜಲಸಂಧಿಯಲ್ಲಿ ಕಟ್ಟಿದ ಮೋಡದ ಸಾಲು ಪೂರ್ವಕ್ಕೆ ಸರಿದು ಬೆಳಗಿನ ಜಾವಕ್ಕೆ ಸಿಂಗಾಪುರದ ಮೇಲೆ ಎರಗುತ್ತದೆ. ಮೊದಲು ತಣ್ಣನೆಯ ಗಾಳಿ, ಆಮೇಲೆ ಗುಡುಗು, ಧೋ ಎಂದು ಮಳೆ. ಆಗ ಎಲ್ಲರೂ ಎದ್ದು ಟಾರ್ಪಾಲಿನ ನಾಲ್ಕು ಮೂಲೆ ಹಿಡಿದು ನಿಲ್ಲುವುದೇ ಕೆಲಸ. ಹತ್ತಾರು ವರ್ಷ ಒಂದೇ ಕಟ್ಟಡದಲ್ಲಿ ದುಡಿದರೂ ಹುಟ್ಟದ ಸ್ನೇಹ ಈ ಒಂದು ತಾಸಿನಲ್ಲಿ ಹುಟ್ಟಿದ್ದನ್ನು ನಾನು ಕಂಡಿದ್ದೇನೆ. ಪರದೇಶದ ಬದುಕಿನಲ್ಲಿ ಅಂಥ ಸ್ನೇಹವೇ ಬಂಧುಬಳಗ.

ಬೆಳಿಗ್ಗೆ ಚೆಕ್ ಜಾವಾಕ್ಕೆ ನಡೆಯುತ್ತೇವೆ. ಉಬಿನ್‌ನ ಪೂರ್ವದ ತುದಿ, ಇಳಿತದಲ್ಲಿ ಸುಮಾರು 100 ಹೆಕ್ಟೇರ್ ಕಡಲ ತಳ ತೆರೆದುಕೊಳ್ಳುವ ಜಾಗ. ಮರಳ ದಂಡೆ, ಕಲ್ಲುದಂಡೆ, ಸಮುದ್ರಹುಲ್ಲಿನ ಹರವು, ಹವಳದ ಚೂರಿನ ನೆಲ, ಕಾಂಡ್ಲಾ, ಕಡಲಂಚಿನ ಕಾಡು ಇವೆಲ್ಲ ಇಲ್ಲಿ ಅಕ್ಕಪಕ್ಕದಲ್ಲಿವೆ. ದಡದೆದುರಿಗೆ ಪುಟ್ಟದೊಂದು ಬಂಡೆದ್ವೀಪ, ಪುಲಾವ್ ಸೆಕುಡು. ಕಪ್ಪೆ, ಹಂದಿ, ಆನೆ ಮೂರೂ ಜೋಹೋರ್ ದಡಕ್ಕೆ ಈಜುವ ಪಂದ್ಯ ಕಟ್ಟಿದವಂತೆ, ಸೋತವರು ಕಲ್ಲಾಗಬೇಕೆಂದು ಷರತ್ತು. ಮೂರೂ ಸೋತವು. ಕಪ್ಪೆ ಸೆಕುಡು ಆಯಿತು, ಹಂದಿ ಆನೆ ಸೇರಿ ಉಬಿನ್ ಆಯಿತು ಎಂದು ಮಲಯ ಜನರ ಕತೆ.

ಇಳಿತದ ಹೊತ್ತಿನಲ್ಲಿ ಇಲ್ಲಿ ನೋಡಿದಷ್ಟೂ ಮುಗಿಯದು. ಉಗುರಿಗಿಂತ ಚಿಕ್ಕ ಏಡಿಗಳು ಮರಳನ್ನು ಬಾಯಿಗಿಟ್ಟು ಅದರಲ್ಲಿನ ಆಹಾರ ಹೀರಿ, ಉಳಿದದ್ದನ್ನು ಸಾಬೂದಾನಿಯಂಥ ಉಂಡೆ ಮಾಡಿ ಹಿಂದಕ್ಕೆ ತಳ್ಳುತ್ತಿರುತ್ತವೆ. ಒಂದೊಂದು ಬಿಲದ ಸುತ್ತ ಸಾವಿರ ಉಂಡೆ. ಉಬ್ಬರ ಬಂದು ಎಲ್ಲವನ್ನೂ ಅಳಿಸುತ್ತದೆ, ಮುಂದಿನ ಇಳಿತಕ್ಕೆ ಮತ್ತೆ ಶುರು. ಗಂಟುಗಂಟಾದ ಮೈಯ ನಕ್ಷತ್ರಮೀನು, ಮರಳಿನಡಿ ಅಡಗಿದ ಬಿಲ್ಲೆಯಾಕಾರದ ಸ್ಯಾಂಡ್ ಡಾಲರ್, ಕುದುರೆಲಾಳದ ಏಡಿ, ಒಂದು ಕೈ ಮಾತ್ರ ದೊಡ್ಡದಾದ ಫಿಡ್ಲರ್ ಏಡಿ. ಕುಮಟೆಯವನು ಬಗ್ಗಿ ನೋಡುತ್ತ ತನ್ನೂರಿನ ಹೆಸರುಗಳನ್ನು ಒಂದೊಂದಾಗಿ ಹೇಳುವಾಗ, ಹಾಸನದವಳು ಮಗಳಿಗೆ ಅದನ್ನೇ ಬರೆದುಕೋ ಎನ್ನುತ್ತಾಳೆ.

ಇದೆಲ್ಲವೂ ಮಣ್ಣಿನಡಿ ಹೂತುಹೋಗಬೇಕಿತ್ತು. ಇಲ್ಲಿ ಕಡಲನ್ನು ತುಂಬಲು 1990ರ ದಶಕದಲ್ಲೇ ಯೋಜನೆಯಾಗಿ, 2001ರ ಕೊನೆಗೆ ಕೆಲಸ ಆರಂಭವಾಗುವುದಿತ್ತು. ಅದಕ್ಕೆ ಸುಮಾರು ಒಂದು ವರ್ಷ ಮುಂಚೆ ಜೋಸೆಫ್ ಲೈ ಎಂಬ ಸಸ್ಯತಜ್ಞ ಇಲ್ಲಿಯ ಇಳಿತವನ್ನು ಕಣ್ಣಾರೆ ಕಂಡು ಸುದ್ದಿ ಹಬ್ಬಿಸಿದರು. ಅಷ್ಟು ಹತ್ತಿರವಿದ್ದರೂ ಆ ತನಕ ಇದರ ಸಿರಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ವಿಶ್ವವಿದ್ಯಾಲಯದ ಸ್ವಯಂಸೇವಕರು ಬಂದು ಪ್ರಾಣಿಗಳನ್ನು ಪಟ್ಟಿ ಮಾಡಿದರು, ಚಿತ್ರ ತೆಗೆದರು. ಪತ್ರಿಕೆಗಳಿಗೆ, ಸರ್ಕಾರಕ್ಕೆ ಪತ್ರಗಳು ಹೋದವು. ಇನ್ನು ನೋಡಲು ಸಿಗುವುದಿಲ್ಲವೆಂದು ಸಾವಿರಾರು ಜನ ಮಕ್ಕಳ ಕೈ ಹಿಡಿದು ಇಳಿತದ ಹೊತ್ತಿಗೆ ಬಂದರು. ಪ್ರತಿಭಟನೆಯ ರೂಢಿಯೇ ಕಡಿಮೆಯಿರುವ ದೇಶ ಅದು. ಜನ ಬಂದು ಬರೀ ನೋಡಿದರು. ಆ ನೋಟಕ್ಕೆ ಬಲವಿತ್ತು. 2002ರ ಜನವರಿಯಲ್ಲಿ ಸರ್ಕಾರ ಯೋಜನೆಯನ್ನು ಮುಂದೂಡಿರುವುದಾಗಿ ಅಧಿಕೃತವಾಗಿ ತಿಳಿಸಿತು. 2007ರಲ್ಲಿ ಸುಮಾರು ಒಂದು ಕಿಲೋಮೀಟರ್ ಉದ್ದದ ನಡೆದಾರಿ ತೆರೆಯಿತು.

ಅದೇ ವರ್ಷದ ಆರಂಭದಲ್ಲಿ ಜೋಹೋರ್‌ನಲ್ಲಿ ಭಾರಿ ಮಳೆ, ನೆರೆ. ನದಿಗಳ ಸಿಹಿನೀರು ಜಲಸಂಧಿಗೆ ನುಗ್ಗಿ ಚೆಕ್ ಜಾವಾದ ಜೀವಿಗಳು ರಾಶಿರಾಶಿಯಾಗಿ ಸತ್ತವು. ಉಳಿಸಿಕೊಂಡದ್ದೇ ಹೋಯಿತಲ್ಲ ಎಂದು ಸ್ವಯಂಸೇವಕರು ಸಂಕಟಪಟ್ಟರು. ಆದರೂ ಇಳಿತದಿಂದ ಇಳಿತಕ್ಕೆ ಬಂದು ಎಣಿಸುವುದನ್ನು ಬಿಡಲಿಲ್ಲ. ಮೆಲ್ಲಮೆಲ್ಲಗೆ ಮರಿ ಅನಿಮೋನ್‌ಗಳು, ಚಿಕ್ಕ ನಕ್ಷತ್ರಮೀನುಗಳು ಮರಳಿ ಕಾಣಿಸಿಕೊಂಡವು. ನಾವು ನೋಡುತ್ತಿರುವುದು ಹಾಗೆ ಮರುಹುಟ್ಟು ಪಡೆದ ಕಡಲು.

ಒಂದು ಜಾಗದಲ್ಲಿ ರಾತ್ರಿ ಕಳೆದವನಿಗೆ ಅದರ ಮೇಲೆ ಹುಟ್ಟುವ ಪ್ರೀತಿ ಹಗಲಲ್ಲಿ ಬಂದುಹೋದವನಿಗೆ ಹುಟ್ಟುವುದು ಕಷ್ಟ ಎಂಬುದು ನನ್ನ ನಂಬಿಕೆ. ನೀರು ಎಲ್ಲಿಯವರೆಗೆ ಬಂತು, ಗಾಳಿ ಯಾವ ಕಡೆಯಿಂದ ಎದ್ದಿತು, ಹಂದಿ ಯಾವ ಪೊದೆಯಿಂದ ಹೊರಬಂತು ಎಂಬುದು ಮಲಗಿದವನಿಗೇ ಗೊತ್ತು. ಹಾಗಾಗಿಯೇ ಈ ಶಿಬಿರದ ಜಾಗಗಳು ಕಡಿಮೆಯಾಗುತ್ತಿರುವುದು ನನಗೆ ನೋವು ತರುತ್ತದೆ. ಮಾಮಾಮ್‌ನಂತೆಯೇ ಉತ್ತರ ದಡದಲ್ಲಿದ್ದ ನೂರ್ದಿನ್ ಬೀಚಿನಲ್ಲಿ ಹಿಂದೆ ಜನ ಟೆಂಟ್ ಹಾಕುತ್ತಿದ್ದರು. ಕಡಲು ಕೊರೆದು ಕೊರೆದು ಅದನ್ನು ಮುಚ್ಚಬೇಕಾಯಿತು. ಚೆಕ್ ಜಾವಾಕ್ಕೆ ಸಿಕ್ಕ ಮಾತಿಗೂ ಷರತ್ತಿದೆ. ಅಭಿವೃದ್ಧಿಗೆ ಉಬಿನ್ ಬೇಕಾಗುವ ತನಕ ಅಲ್ಲಿ ಕಡಲು ತುಂಬುವುದಿಲ್ಲ ಎಂದಷ್ಟೇ ಸರ್ಕಾರ ಹೇಳಿರುವುದು. ಬೇಕು ಬೇಡದ ತೀರ್ಮಾನ ಮುಂದೊಂದು ದಿನ ಈಗ ಶಾಲೆಗೆ ಹೋಗುತ್ತಿರುವ ಮಕ್ಕಳ ಕೈಗೆ ಬರುತ್ತದೆ. ಅವರಲ್ಲಿ ಕನ್ನಡದ ಮನೆಗಳ ಮಕ್ಕಳೂ ಇದ್ದಾರೆ, ಅಲ್ಲೇ ಹುಟ್ಟಿ ಅಲ್ಲಿಯ ನಾಗರಿಕರಾಗಿ ಬೆಳೆಯುತ್ತಿರುವವರು.

ಅಲ್ಲಿರುವ ಓದುಗ ಮಿತ್ರರಿಗೆ ನನ್ನದೊಂದು ಕೋರಿಕೆ. ಅಮಾವಾಸ್ಯೆ ಅಥವಾ ಹುಣ್ಣಿಮೆ ಕಳೆದ ಎರಡು ಮೂರು ದಿನಕ್ಕೆ ಬೀಳುವ ಶನಿವಾರವನ್ನು ಹುಡುಕಿ, ಉಬ್ಬರವಿಳಿತದ ಪಟ್ಟಿ ನೋಡಿಕೊಂಡು ಹೊರಡಿ. ಊರಿಂದ ಅಜ್ಜ ಅಜ್ಜಿ ಬಂದಿದ್ದರೆ ಟೆಂಟಿನಲ್ಲಿ ಮಲಗುವುದು ಅವರಿಗೆ ಕಷ್ಟವಾದೀತು. ಅವರು ಭಾನುವಾರ ಬೆಳಿಗ್ಗೆ ಮೊದಲ ದೋಣಿ ಹಿಡಿದು ಬರಲಿ. ದ್ವೀಪದ ಹಳ್ಳಿಯಿಂದ ಚೆಕ್ ಜಾವಾಕ್ಕೆ ವ್ಯಾನು ಸಿಗುತ್ತದೆ, ನಡೆದಾರಿಯಲ್ಲಿ ನಿಧಾನವಾಗಿ ಸಾಗಬಹುದು. ಮೊಮ್ಮಕ್ಕಳು ಕೈ ಹಿಡಿದುಕೊಂಡು ಏಡಿ ತೋರಿಸಲಿ.