ತೋಳಿನಲ್ಲಿದ್ದ ಕೂಸು



ಮನೆಯೆಂಬುದು ಗೋಡೆ ಮಾಡುಗಳ ಹೆಸರೇ, ಅದರೊಳಗೆ ಬಾಳುವವರ ಹೆಸರೇ? ಒಂದೇ ರಕ್ತದವರು ಕೂಡಿದರೆ ಮಾತ್ರ ಅದು ಮನೆಯೆನಿಸುವುದೇ? ಇದರ ಉತ್ತರವನ್ನು ಗ್ರಂಥಗಳಿಂದ ಬಲ್ಲೆನೆಂದು ನಾನು ಭಾವಿಸಿದ್ದೆನು. ಆದರೆ ಅದನ್ನು ನಿಜವಾಗಿ ಕಲಿತುದು ಕಡಲಾಚೆಯ ಒಂದು ಹಾಳೂರಿನಲ್ಲಿ.

ನನ್ನ ಮಗನು ಉದ್ಯೋಗನಿಮಿತ್ತ ಇಟಲಿ ದೇಶದಲ್ಲಿರುವನು. ನಾನೂ ನನ್ನ ಮಡದಿಯೂ ಕಳೆದ ವರ್ಷ ಅವನಲ್ಲಿಗೆ ಹೋಗಿದ್ದೆವು. ಮಗ ಸೊಸೆಯರಿಗೆ ಮದುವೆಯಾಗಿ ಎಂಟು ವರ್ಷವಾದರೂ ಸಂತಾನವಿರಲಿಲ್ಲ. ಅನಾಥ ಕೂಸೊಂದನ್ನು ದತ್ತು ತೆಗೆದುಕೊಳ್ಳುವೆವೆಂದು ಅವರು ನನ್ನ ಒಪ್ಪಿಗೆಯನ್ನು ಬೇಡಿದ್ದರು. ‘ಯಾವ ಮನೆತನದ ಕೂಸೋ, ಎಂಥ ರಕ್ತವೋ, ಯೋಚಿಸಿರಿ’ ಎಂದು ನಾನು ಬರೆದಿದ್ದೆನು. ಸೊಸೆಯು ಮರುಮಾತಾಡಲಿಲ್ಲ. ಆ ಮೌನವನ್ನು ಹೊತ್ತುಕೊಂಡೇ ನಾವು ನಾಲ್ವರೂ ಒಂದು ದಿನ ಪಾಂಪೇಯಿಯನ್ನು ನೋಡಲು ಹೋದೆವು.

ನೇಪಲ್ಸ್ ನಗರದ ಸಮೀಪದ ಈ ರೋಮನ್ ಪಟ್ಟಣವನ್ನು ಕ್ರಿ. ಶ. ೭೯ರಲ್ಲಿ ವೆಸೂವಿಯಸ್ ಎಂಬ ಅಗ್ನಿಪರ್ವತವು ಬೂದಿಯಿಂದಲೂ ಕಲ್ಲುಗಳಿಂದಲೂ ಹೂಳಿಬಿಟ್ಟಿತು. ೧೭೪೮ರಲ್ಲಿ ಅಗೆತ ಮೊದಲಾಯಿತು. ಬೀದಿಯ ಹಾಸುಗಲ್ಲುಗಳ ಮೇಲೆ ಬಂಡಿಯ ಗಾಲಿಗಳು ಕೊರೆದ ಜಾಡುಗಳು ಇಂದಿಗೂ ಇವೆ. ಕೆಸರು ತುಳಿಯದೆ ದಾಟುವುದಕ್ಕೆಂದು ಇಟ್ಟ ದಪ್ಪ ಕಲ್ಲುಗಳೂ ಇವೆ. ರೊಟ್ಟಿ ಸುಡುವವನ ಮನೆಯೊಂದರಲ್ಲಿ ಆಳೆತ್ತರದ ಬೀಸುಕಲ್ಲುಗಳನ್ನು ಕಂಡು ನನ್ನ ಮಡದಿ ನಿಂತುಬಿಟ್ಟಳು. ೧೮೬೨ರಲ್ಲಿ ಈ ಊರಿನ ಒಂದು ಒಲೆಯನ್ನು ತೆರೆದಾಗ ಅದರೊಳಗೆ ೮೧ ರೊಟ್ಟಿಗಳು ಕರಿಕಾಗಿ ದೊರೆತವೆಂದು ಮಗನು ಹೇಳಿದನು. “ಸುಟ್ಟವರೂ ಉಣ್ಣಲಿಲ್ಲ, ಹಸಿದವರಿಗೂ ಮುಟ್ಟಲಿಲ್ಲ” ಎಂದು ಆಕೆ ನಿಟ್ಟುಸಿರಿಟ್ಟಳು.

ಸಿರಿಕಸ್ ಎಂಬವನದೆಂದು ಹೇಳುವ ಸಿರಿವಂತರ ಮನೆಯೊಂದರ ಹೊಸ್ತಿಲ ನೆಲದಲ್ಲಿ ಲ್ಯಾಟಿನ್ ಭಾಷೆಯ ಎರಡು ಪದಗಳಿವೆ. ‘ಲಾಭವೇ, ಸ್ವಾಗತ’ ಎಂದು ಅವುಗಳ ಅರ್ಥ. ಅದನ್ನು ಕೇಳಿ ನಾನು ನಕ್ಕೆನು. ಬಳಿಕ ನಗೆಯು ಬಾಯಲ್ಲಿಯೇ ಒಣಗಿತು. ನಾವು ಹೊಸ್ತಿಲಿಗೆ ರಂಗವಲ್ಲಿಯನ್ನಿಕ್ಕುವೆವು, ನಿಜ. ಆದರೆ ಮನದ ಹೊಸ್ತಿಲಲ್ಲಿ ಏನನ್ನು ಬರೆದುಕೊಂಡಿರುವೆವು? ಬಂದವರ ಮುಖವನ್ನು ನೋಡುವುದಕ್ಕೆ ಮೊದಲೇ ಅವರಿಂದ ಬರುವುದೇನು, ಹೋಗುವುದೇನು ಎಂದು ಲೆಕ್ಕ ಹಾಕುವವರಿಗೂ ಆ ರೋಮನ್ ಧನಿಕನಿಗೂ ಏನಂತರ? ಕೂಸನ್ನು ಕಾಣುವ ಮುನ್ನವೇ ಅದರ ಮೂಲವನ್ನು ಕೇಳಿದವನು ನಾನು.

ಮುಂದೆ ‘ಓಡಿದವರ ತೋಟ’ವೆಂಬಲ್ಲಿಗೆ ಬಂದೆವು. ಹಿರಿಯರು ಕಿರಿಯರೆನ್ನದೆ ೧೩ ಜನರ ಕೊನೆಯ ಗಳಿಗೆಯ ಆಕೃತಿಗಳು ಅಲ್ಲಿ ಬಿದ್ದಿವೆ. ಸತ್ತವರ ಸುತ್ತಲೂ ಬೂದಿಯು ಗಟ್ಟಿಯಾಯಿತು. ಕಾಲಾಂತರದಲ್ಲಿ ದೇಹವು ಕರಗಿ ಅದರ ಆಕಾರದ ಪೊಳ್ಳು ಉಳಿಯಿತು. ಫಿಯೊರೆಲ್ಲಿ ಎಂಬ ವಿದ್ವಾಂಸನು ೧೮೬೩ರಲ್ಲಿ ಅಂಥ ಪೊಳ್ಳುಗಳಿಗೆ ಪ್ಲಾಸ್ಟರನ್ನು ಹೊಯ್ದು, ಅದು ಆರಿದ ಮೇಲೆ ಸುತ್ತಣ ಬೂದಿಯನ್ನು ಬಿಡಿಸಿದನು. ಮುಖ ಮುಚ್ಚಿಕೊಂಡ ಕೈ, ಮಡಿಚಿದ ಮೊಣಕಾಲು ಎಲ್ಲವೂ ಹಾಗೆಯೇ ಮೂಡಿಬಂದವು.

ಅಲ್ಲಿಯೇ ಮಗನು ಮತ್ತೊಂದು ಸಂಗತಿಯನ್ನು ಹೇಳಿದನು. ಅದೇ ಊರಿನ ‘ಚಿನ್ನದ ಕಡಗದ ಮನೆ’ಯಲ್ಲಿ ತೋಳಿಗೆ ಕಡಗ ತೊಟ್ಟ ಒಬ್ಬ ವ್ಯಕ್ತಿ, ಮಡಿಲಲ್ಲಿ ಒಂದು ಮಗು, ಹೀಗೆ ಆಕೃತಿಗಳು ದೊರೆತವು. ತಾಯಿಯೂ ಮಗುವೂ ಎಂದು ಬಹುಕಾಲ ಎಲ್ಲರೂ ನಂಬಿದ್ದರು. ಪ್ಲಾಸ್ಟರಿನೊಳಗೆ ಉಳಿದಿದ್ದ ಎಲುಬಿನಿಂದ ವಂಶವಾಹಿಯನ್ನು ಪರೀಕ್ಷಿಸಿದ ವಿಜ್ಞಾನಿಗಳು ೨೦೨೪ರಲ್ಲಿ ಬೇರೆಯದನ್ನೇ ಸಾರಿದರು. ಕಡಗ ತೊಟ್ಟಿದ್ದವನು ಗಂಡಸು. ಅವನಿಗೂ ಆ ಮಗುವಿಗೂ ರಕ್ತಸಂಬಂಧವಿರಲಿಲ್ಲ.

ಯಾರೂ ಮಾತಾಡಲಿಲ್ಲ. ಸೊಸೆಯು ಮುಖವನ್ನು ಅತ್ತ ತಿರುಗಿಸಿಕೊಂಡಳು. ನನ್ನ ಮಡದಿ ನನ್ನತ್ತ ನೋಡಿ, “ಕೇಳಿದಿರಾ?” ಎಂದಷ್ಟೇ ಅಂದಳು.

ಬಂಧುಗಳೇ, ಕುಲವನ್ನು ಕೇಳಬಾರದೆಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಬಾಯಿ ಇದು. ಶರಣರ ವಚನಗಳನ್ನು ನಾನು ಕಂಠಪಾಠವಾಗಿ ಬಲ್ಲೆನು. ಅದೇ ಬಾಯಿಂದ ಹುಟ್ಟಲಿಲ್ಲವೇ ‘ಎಂಥ ರಕ್ತವೋ’ ಎಂಬ ಮಾತು? ಬೆಂಕಿಯ ಮಳೆ ಸುರಿಯುತ್ತಿರುವಾಗ ಆ ಮಗುವಿಗೆ ಬೇಕಾಗಿದ್ದುದು ಒಂದು ತೋಳು. ಆ ಮನುಷ್ಯನ ಹೆಸರನ್ನು ಯಾರೂ ಅರಿಯರು. ಅವನು ಆ ಮನೆಯ ಒಡೆಯನೋ, ಆಳೋ, ದಾರಿಹೋಕನೋ ತಿಳಿಯದು. ಮಗುವು ಮಡಿಲಲ್ಲಿತ್ತೆಂಬುದೊಂದೇ ತಿಳಿದುದು. ಲಾಭವನ್ನು ಸ್ವಾಗತಿಸಿದ ಹೊಸ್ತಿಲೂ ಉಳಿಯಿತು, ಈ ಮಡಿಲೂ ಉಳಿಯಿತು. ಎರಡರಲ್ಲಿ ಯಾವುದರ ಮುಂದೆ ನಮ್ಮ ತಲೆ ತಾನಾಗಿ ಬಾಗುವುದೆಂದು ನೀವೇ ಹೇಳಿರಿ.

ಅಂದು ಸಂಜೆ ನಾನು ಸೊಸೆಯನ್ನು ಕರೆದು, “ತಾಯೀ, ನಾನು ಬರೆದುದು ತಪ್ಪು. ಕೂಸನ್ನು ಕರೆತನ್ನಿರಿ. ನಿನ್ನ ಗಂಡನು ಮಲಗಿದ್ದ ತೊಟ್ಟಿಲು ನಮ್ಮ ಅಟ್ಟದಲ್ಲಿ ಹಾಗೆಯೇ ಇದೆ” ಎಂದೆನು. ಆಕೆ ಅತ್ತಳು. ಅತ್ತೆಯೂ ಅತ್ತಳು.

ಕಾಗದಪತ್ರಗಳ ಕೆಲಸವು ಇನ್ನೂ ಮುಗಿದಿಲ್ಲ. ತೊಟ್ಟಿಲು ಮಾತ್ರ ಅಟ್ಟದಿಂದ ಇಳಿದಿದೆ. ನಿಮ್ಮಲ್ಲಿಯೂ ಯಾರಾದರೂ ಇಂಥ ಮಾತನ್ನಾಡಿ ಮಕ್ಕಳ ಮನವನ್ನು ನೋಯಿಸಿದ್ದರೆ, ಆ ಮಾತನ್ನು ಇಂದೇ ಹಿಂದಕ್ಕೆ ತೆಗೆದುಕೊಳ್ಳಿರಿ. ಬೂದಿ ಬೀಳುವ ದಿನವನ್ನು ಪಾಂಪೇಯಿಯವರೂ ಅರಿತಿರಲಿಲ್ಲ.