ಖೋಟಾ ಪದಗಳೊಳಗಿನ ಅಸಲಿ ಜನ

ಬೋಗಸ್ ಎಂಬ ಪದ ಈಗ ನಮ್ಮ ಪಂಚಾಯಿತಿ ಕಟ್ಟೆಯ ಪದ. ಬೋಗಸ್ ರೇಷನ್ ಕಾರ್ಡು, ಬೋಗಸ್ ಬಿಲ್ಲು, ಬೋಗಸ್ ಮತ ಎಂದು ಇಂಗ್ಲಿಷಿನ ಗಂಧವಿಲ್ಲದವರೂ ಸಲೀಸಾಗಿ ಆಡುತ್ತಾರೆ. ಅದರ ಜಾಡು ಹಿಡಿದು ಹೊರಟರೆ ಅಮೆರಿಕದ ಒಹಾಯೊ ಸೀಮೆಗೆ ಹೋಗಿ ನಿಲ್ಲುತ್ತೇವೆ. 1827ರಲ್ಲಿ ಅಲ್ಲಿ ಖೋಟಾ ನಾಣ್ಯ ತಯಾರಿಸುವವರ ಗುಂಪೊಂದು ಸಿಕ್ಕಿಬಿತ್ತು. ಅವರ ಬಳಿಯಿದ್ದ ವಿಚಿತ್ರ ಯಂತ್ರವನ್ನು ನೋಡಿ ನೆರೆದವರಲ್ಲಿ ಯಾರೋ ಅದಕ್ಕೆ ಬೋಗಸ್ ಎಂದರಂತೆ. ಯಂತ್ರದ ಹೆಸರು ನಾಣ್ಯಕ್ಕೆ ಅಂಟಿತು, ನಾಣ್ಯದಿಂದ ಲೋಕದ ಎಲ್ಲ ಸುಳ್ಳಿಗೂ ಹಬ್ಬಿತು. ನಕಲಿ ಎಂಬರ್ಥದ ಫೋನಿ ಎಂಬ ಇಂಗ್ಲಿಷ್ ಪದದ ಹಿಂದೆಯೂ ಬಹುಶಃ ಕಳ್ಳರೇ ಇದ್ದಾರೆ. ಐರಿಷ್ ಭಾಷೆಯಲ್ಲಿ ಉಂಗುರಕ್ಕಿರುವ ಮಾತು ಲಂಡನ್ನಿನ ಠಕ್ಕರ ಬಾಯಲ್ಲಿ ಫಾನಿ ಎಂದಾಯಿತು. ಚಿನ್ನದ ನೀರು ಕುಡಿಸಿದ ಹಿತ್ತಾಳೆ ಉಂಗುರವನ್ನು ದಾರಿಯಲ್ಲಿ ಬೀಳಿಸಿ, ತಾವೇ ಹೆಕ್ಕಿ, ದಾರಿಹೋಕನಿಗೆ ‘ಪಾಲು’ ಮಾರುವುದು ಅವರ ಕಸುಬು.

ಸುಳ್ಳಿನ ಹೆಸರಿನ ಬುಡದಲ್ಲಿ ಸುಳ್ಳುಗಾರನಿದ್ದರೆ ಅದರಲ್ಲಿ ಅಚ್ಚರಿಯೇನಿಲ್ಲ. ನನ್ನನ್ನು ತಡೆದು ನಿಲ್ಲಿಸುವುದು ಬೇರೆ ಕೆಲವು ಪದಗಳು. ಅವುಗಳನ್ನು ಅಗೆದರೆ ಕೈಗೆ ಸಿಗುವವರು ಸತ್ಯವಂತರು.

ಮೊದಲು ಟಾಡ್ರಿ. ಕಣ್ಣು ಕುಕ್ಕುವ ಅಗ್ಗದ ಥಳುಕಿಗೆ ಇಂಗ್ಲಿಷಿನಲ್ಲಿ ಹೀಗೆನ್ನುತ್ತಾರೆ. ಈ ಪದದೊಳಗೆ ಒಬ್ಬ ಸಂತಳಿದ್ದಾಳೆ. ಏಳನೇ ಶತಮಾನದ ಪೂರ್ವ ಇಂಗ್ಲೆಂಡಿನ ರಾಜಕುಮಾರಿ ಎಥೆಲ್‌ಡ್ರೆಡಾ. ಜನರ ಬಾಯಲ್ಲಿ ಆಡ್ರಿ. ರಾಣಿಯ ಪಟ್ಟ ಬಿಟ್ಟು ಸನ್ಯಾಸ ಹಿಡಿದು, 673ರಲ್ಲಿ ಜೌಗುನೆಲದ ನಡುವಿನ ಈಲಿ ಎಂಬ ದಿಬ್ಬದ ಮೇಲೆ ಮಠ ಕಟ್ಟಿದಳು. 679ರಲ್ಲಿ ತೀರಿಕೊಂಡಳು. ಕೊನೆಗಾಲದಲ್ಲಿ ಅವಳ ಕೊರಳಲ್ಲಿ ದೊಡ್ಡ ಗೆಡ್ಡೆ ಎದ್ದಿತ್ತು. ಚಿಕ್ಕವಳಿದ್ದಾಗ ಚಿನ್ನದ, ಮುತ್ತಿನ ಸರಗಳ ಭಾರವನ್ನು ಹೊತ್ತ ಕೊರಳಿದು, ಆ ಹಗುರತನದ ಋಣ ಹೀಗೆ ತೀರುತ್ತಿದೆ ಎಂದು ಅವಳು ನೋವನ್ನು ಸಮಾಧಾನದಿಂದ ಒಪ್ಪಿಕೊಂಡಳೆಂದು ಬೀಡ್ ಎಂಬ ಸನ್ಯಾಸಿ ತನ್ನ ಇತಿಹಾಸದಲ್ಲಿ ಬರೆದಿಟ್ಟಿದ್ದಾನೆ.

ಮುಂದೆ ಅವಳ ಹೆಸರಿನಲ್ಲಿ ಈಲಿಯಲ್ಲಿ ಅಕ್ಟೋಬರ್ ತಿಂಗಳ ಜಾತ್ರೆ ಕೂಡತೊಡಗಿತು. ಜಾತ್ರೆಯೆಂದ ಮೇಲೆ ಅಂಗಡಿ ಸಾಲು ಇರಬೇಕಲ್ಲ. ಅಲ್ಲಿ ಹೆಂಗಸರು ಕೊರಳಿಗೆ ಕಟ್ಟಿಕೊಳ್ಳುವ ರೇಷ್ಮೆ ಪಟ್ಟಿಗಳನ್ನು ಮಾರುತ್ತಿದ್ದರು. ಸೇಂಟ್ ಆಡ್ರಿಯ ಪಟ್ಟಿ ಎಂಬುದು ಮಾತಿನ ಅವಸರದಲ್ಲಿ ಟಾಡ್ರಿ ಪಟ್ಟಿಯಾಯಿತು. ಮೊದಮೊದಲು ಒಳ್ಳೆಯ ಮಾಲೇ ಇತ್ತು. ಕಾಲ ಕಳೆದಂತೆ ಬಣ್ಣ ಗಾಢವಾಯಿತು, ನೂಲು ತೆಳುವಾಯಿತು, ಪದ ಮರ್ಯಾದೆ ಕಳೆದುಕೊಂಡಿತು. ಕೊರಳ ಆಭರಣದ ಬಗ್ಗೆ ಸಾಯುವವರೆಗೂ ಪಶ್ಚಾತ್ತಾಪಪಟ್ಟ ಹೆಣ್ಣಿನ ಹೆಸರನ್ನು ಲೋಕ ಕೊರಳ ಆಭರಣಕ್ಕೇ ಇಟ್ಟಿತು, ಅದೂ ಕಳಪೆ ಆಭರಣಕ್ಕೆ! ಯಾರೂ ಬೇಕೆಂದು ಮಾಡಿದ್ದಲ್ಲ. ಸಾವಿರಾರು ನಾಲಗೆಗಳು, ಒಂದರ ಸುಳಿವು ಒಂದಕ್ಕಿಲ್ಲದೆ, ಶತಮಾನಗಳುದ್ದಕ್ಕೂ ಸೇರಿ ಮಾಡಿದ ಕೆಲಸ. ಇಷ್ಟು ಕ್ರೂರವೂ ಇಷ್ಟು ಮುಗ್ಧವೂ ಆದದ್ದು ಭಾಷೆಯೊಂದೇ ಇರಬೇಕು.

ಕಳಪೆ ಎಂಬರ್ಥದಲ್ಲಿ ಇಂಗ್ಲಿಷಿನವರು ಆಡುವ ಶಾಡಿ ಎಂಬ ಬೈಗುಳಕ್ಕೆ ಆದದ್ದೂ ಅನ್ಯಾಯವೇ. ಯಾರ್ಕ್‌ಷೈರಿನ ಬ್ಯಾಟ್ಲಿ ಎಂಬ ಊರಿನಲ್ಲಿ 1813ರ ಸುಮಾರಿಗೆ ಬೆಂಜಮಿನ್ ಲಾ ಎಂಬಾತ ಹಳೆಯ ಉಣ್ಣೆಬಟ್ಟೆಯ ಚಿಂದಿಯನ್ನು ಸೀಳಿ, ಹೊಸ ಉಣ್ಣೆ ಬೆರೆಸಿ, ಮತ್ತೆ ನೂಲು ತೆಗೆಯುವುದನ್ನು ಸಾಧಿಸಿದ. ಆ ಬಟ್ಟೆಯೇ ಶಾಡಿ. ಬಡವನ ಮೈಗೂ ಉಣ್ಣೆ ಬಂತು. ಆದರೆ 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾದಾಗ ಗುತ್ತಿಗೆದಾರರು ಚಿಂದಿಯ ತೀರಾ ಕೀಳು ಬಟ್ಟೆಯಿಂದ ಸಮವಸ್ತ್ರ ಹೊಲಿಸಿ ಸೈನಿಕರ ಮೈಮೇಲೆ ಹಾಕಿದರು. ಅದು ಮಳೆಗೆ, ನಡಿಗೆಗೆ ಹರಿದುಹೋಯಿತು. ತಪ್ಪು ಗುತ್ತಿಗೆದಾರನದು, ಕಳಂಕ ಬಟ್ಟೆಗೆ. ನಮ್ಮದೇ ದೇಶದ ಪಾಣಿಪತ್‌ನಲ್ಲಿ ಮಾತ್ರ ಈ ಪದ ಇಂದಿಗೂ ತಲೆಯೆತ್ತಿ ಬಾಳುತ್ತಿದೆ. ಶ್ರೀಮಂತ ದೇಶಗಳು ಬಿಸಾಡಿದ ಸ್ವೆಟರು, ಕೋಟುಗಳು ಮೂಟೆ ಮೂಟೆಯಾಗಿ ಅಲ್ಲಿಗೆ ಬರುತ್ತವೆ. ಹೆಂಗಸರು ಕೂತು ಬಣ್ಣ ಬಣ್ಣ ಬೇರೆ ಮಾಡುತ್ತಾರೆ. ಕೆಂಪು ಚಿಂದಿಯಿಂದ ಕೆಂಪು ನೂಲೇ ಬರುವುದರಿಂದ ಹೊಸದಾಗಿ ಬಣ್ಣ ಹಾಕುವ ಗೊಡವೆ ಕಡಿಮೆ. ಅಲ್ಲಿ ನೇಯ್ದ ಕಂಬಳಿಗಳು ಭೂಕಂಪ, ನೆರೆಗಳಲ್ಲಿ ಮನೆ ಕಳೆದುಕೊಂಡವರ ಹೆಗಲಿಗೆ ಬೀಳುತ್ತವೆ. ತಮ್ಮ ಉದ್ಯಮವನ್ನು ಅವರು ಶಾಡಿ ಎಂದೇ ಕರೆಯುತ್ತಾರೆ, ಯಾವ ಮುಜುಗರವೂ ಇಲ್ಲದೆ.

ಎಲ್ಲರಿಗಿಂತ ನನ್ನ ಮನಸ್ಸನ್ನು ಹಿಡಿದವನು ಕ್ರಿಸ್ಟೋಫರ್ ಪಿಂಚ್‌ಬೆಕ್. ಅವನ ಮನೆತನದ ಹೆಸರೇ ಇಂಗ್ಲಿಷಿನಲ್ಲಿ ನಕಲಿ ಎಂಬುದಕ್ಕೆ ಇನ್ನೊಂದು ಪದವಾಗಿಬಿಟ್ಟಿದೆ. ಅವನು ಲಂಡನ್ನಿನ ಫ್ಲೀಟ್ ಸ್ಟ್ರೀಟಿನಲ್ಲಿ ಅಂಗಡಿಯಿಟ್ಟಿದ್ದ ಗಡಿಯಾರದ ಕುಶಲಕರ್ಮಿ. ಗ್ರಹಗತಿ ತೋರಿಸುವ, ಹಾಡು ನುಡಿಸುವ ಗಡಿಯಾರಗಳನ್ನು ಮಾಡಿದವನು. ತಾಮ್ರಕ್ಕೆ ಒಂದಿಷ್ಟು ಸತುವನ್ನು ಹದವರಿತು ಬೆರೆಸಿ ಚಿನ್ನದ ಬಣ್ಣದ ಲೋಹವೊಂದನ್ನು ಕಂಡುಹಿಡಿದ. ಅದರಲ್ಲಿ ಚಿನ್ನವಿರಲಿಲ್ಲ, ಇದೆಯೆಂದು ಹೇಳಿ ಮಾರಿದವನೂ ಅವನಲ್ಲ. ತನ್ನ ಲೋಹವನ್ನು ತನ್ನ ಹೆಸರಿನಿಂದಲೇ ಮಾರಿದ. ಚಿನ್ನ ಕೊಳ್ಳಲಾಗದವರ ಬೆಲ್ಟಿನ ಬಕಲ್ಲು, ಗಡಿಯಾರದ ಚೈನು, ಕೈಬಳೆಗಳಿಗೆ ಆ ಹೊಳಪು ಸಿಕ್ಕಿತು. ನಮ್ಮಲ್ಲಿ ರೋಲ್ಡ್ ಗೋಲ್ಡ್ ಸರ ಹಾಕಿಕೊಂಡು ನೆಂಟರ ಮದುವೆಗೆ ಹೊರಟ ತಾಯಂದಿರ ಮುಖದ ಕಳೆಯನ್ನು ಕಂಡವರಿಗೆ ಅವನ ಕೆಲಸದ ಬೆಲೆ ತಿಳಿಯುತ್ತದೆ. ಆ ಕಳೆಯಲ್ಲಿ ನಕಲಿ ಅನ್ನುವುದು ಒಂದಿನಿತೂ ಇರುವುದಿಲ್ಲ.

1732ರಲ್ಲಿ ಪಿಂಚ್‌ಬೆಕ್ ತೀರಿಕೊಂಡ. ಮರುವರ್ಷವೇ ಅವನ ಮಗ ಎಡ್ವರ್ಡ್ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕಾಗಿ ಬಂತು: ತನ್ನ ಲೋಹದ ಒಂದು ಗುಲಗಂಜಿಯಷ್ಟನ್ನೂ ಬೇರೆ ಯಾರಿಗೂ ಕೊಟ್ಟಿಲ್ಲ ಎಂಬರ್ಥದಲ್ಲಿ. ಏಕೆಂದರೆ ಊರ ತುಂಬ ಖೋಟಾ ಪಿಂಚ್‌ಬೆಕ್ ಹರಡಿಕೊಂಡಿತ್ತು! ಮುಂದೆ 1840ರ ದಶಕದಲ್ಲಿ ವಿದ್ಯುತ್ತಿನಿಂದ ಚಿನ್ನ ಲೇಪಿಸುವ ವಿದ್ಯೆ ಬಂತು, 1854ರಲ್ಲಿ ಬ್ರಿಟನ್ ಒಂಬತ್ತು ಕ್ಯಾರೆಟ್ಟಿನ ಚಿನ್ನಕ್ಕೆ ಒಪ್ಪಿಗೆ ಕೊಟ್ಟಿತು, ಪಿಂಚ್‌ಬೆಕ್ ತಯಾರಿಕೆ ನಿಂತೇ ಹೋಯಿತು. ಈಗ ಹಳೆಯ ಒಡವೆ ಸಂಗ್ರಹಿಸುವವರು ಅದಕ್ಕೆ ಒಳ್ಳೆಯ ಬೆಲೆ ತೆರುತ್ತಾರೆ. ಆ ಹೆಸರಿನಲ್ಲಿ ಮಾರಾಟಕ್ಕೆ ಬರುವ ಬಹಳಷ್ಟು ಮಾಲು ಬರೀ ಗಿಲೀಟು ಎಂದು ಬಲ್ಲವರು ಎಚ್ಚರಿಸುತ್ತಾರೆ. ಹಾಗಾಗಿ ಕೊಳ್ಳುವವರು ತಿರುಗಿಸಿ ಮುರುಗಿಸಿ ನೋಡಿ ಮೊದಲು ಕೇಳುವುದು, ಇದು ಅಸಲಿ ಪಿಂಚ್‌ಬೆಕ್ಕೇ ತಾನೇ ಎಂದು.